ಐಸಿಯುನಲ್ಲಿ ಹೆಪರಿನ್ ಎಷ್ಟು, ಯಾವಾಗ: ಕೋವಿಡ್ ಕಾಲದ ಒಂದು ಪ್ರಕರಣ

2020ರ ಮಾರ್ಚ್‌ನಲ್ಲಿ ಫ್ರಾನ್ಸ್‌ನ ಸ್ಟ್ರಾಸ್‌ಬರ್ಗ್ ನಗರದ ಐಸಿಯುಗಳಲ್ಲಿ ಡಯಾಲಿಸಿಸ್ ಫಿಲ್ಟರ್‌ಗಳು ಪದೇಪದೇ ಕಟ್ಟಿಕೊಳ್ಳತೊಡಗಿದವು. ಕಿಡ್ನಿ ಕೈಕೊಟ್ಟ ಕೋವಿಡ್ ರೋಗಿಗಳಿಗೆ ಹಗಲು ರಾತ್ರಿ ನಿಧಾನವಾಗಿ ನಡೆಯುವ ಡಯಾಲಿಸಿಸ್ ಹಾಕಿದ್ದರು. ರಕ್ತ ಯಂತ್ರದೊಳಗೆ ಹೋಗಿ, ಫಿಲ್ಟರ್ ದಾಟಿ, ಮೈಗೆ ವಾಪಸ್ ಬರಬೇಕು. ಆದರೆ ದಾರಿಯಲ್ಲೇ ಹೆಪ್ಪುಗಟ್ಟುತ್ತಿತ್ತು. ಅಂಥ ಡಯಾಲಿಸಿಸ್ ಮೇಲಿದ್ದ 29 ಜನರಲ್ಲಿ 28 ಜನರಿಗೆ ಹೀಗಾಯಿತು. ಆಗೊಮ್ಮೆ ಈಗೊಮ್ಮೆ ಫಿಲ್ಟರ್ ಕಟ್ಟಿಕೊಳ್ಳುವುದು ಐಸಿಯುನವರಿಗೆ ಹೊಸದಲ್ಲ. ಹೆಚ್ಚುಕಡಿಮೆ ಎಲ್ಲರಿಗೂ ಆಗುವುದು ಮಾತ್ರ ಹೊಸದು.

ಅದೇ ಐಸಿಯುಗಳ 150 ಕೋವಿಡ್ ರೋಗಿಗಳ ಲೆಕ್ಕ ತೆಗೆದಾಗ ಆರರಲ್ಲಿ ಒಬ್ಬರಿಗೆ ಶ್ವಾಸಕೋಶದ ರಕ್ತನಾಳದಲ್ಲಿ ಕ್ಲಾಟ್, ಅಂದರೆ ರಕ್ತದ ಹೆಪ್ಪು, ಇತ್ತು. ಇವರಿಗೆ ರಕ್ತ ಹೆಪ್ಪುಗಟ್ಟದಂತೆ ಔಷಧಿ ಕೊಟ್ಟಿರಲಿಲ್ಲವೇ ಎಂದು ಕೇಳಿದರೆ, ಕೊಟ್ಟಿದ್ದರು. ತುಂಬ ದಿನ ಅಲ್ಲಾಡದೆ ಮಲಗುವ ರೋಗಿಗೆ ಹೊಟ್ಟೆಯ ಚರ್ಮದಡಿ ಸಣ್ಣ ಡೋಸ್ ಹೆಪರಿನ್ ಹಾಕುವುದು ಎಲ್ಲ ಐಸಿಯುಗಳ ಮಾಮೂಲಿ ಪದ್ಧತಿ. ಅದು ನಡೆಯುತ್ತಿದ್ದಾಗಲೇ ಕ್ಲಾಟ್ ಆಗುತ್ತಿತ್ತು.

ಸ್ವಲ್ಪ ದಿನಕ್ಕೆ ನೆದರ್ಲ್ಯಾಂಡ್ಸ್‌ನಿಂದ ಇಂಥದೇ ಸುದ್ದಿ ಬಂತು. ಲೈಡನ್, ರಾಟರ್‌ಡ್ಯಾಮ್ ಮತ್ತು ಬ್ರೇಡಾದ ಮೂರು ಆಸ್ಪತ್ರೆಗಳ 184 ಐಸಿಯು ರೋಗಿಗಳನ್ನು ಅಲ್ಲಿನ ವೈದ್ಯರು ಗಮನಿಸಿದ್ದರು. ಎಲ್ಲರಿಗೂ ಕನಿಷ್ಠ ಮಾಮೂಲಿ ಡೋಸ್ ಸಿಗುತ್ತಿತ್ತು. ಆದರೂ 31% ಜನರಿಗೆ ಎಲ್ಲಾದರೊಂದು ಕಡೆ ರಕ್ತನಾಳ ಕಟ್ಟಿಕೊಂಡಿತ್ತು. ಅದರಲ್ಲೂ ಬಹುಪಾಲು ಶ್ವಾಸಕೋಶದಲ್ಲೇ. ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಕೋವಿಡ್‌ನಿಂದ ಸತ್ತವರ ಮರಣೋತ್ತರ ಪರೀಕ್ಷೆಯನ್ನು ಕಡ್ಡಾಯ ಮಾಡಿದ್ದರು. ಮೊದಲ 12 ಜನರಲ್ಲಿ 7 ಜನರ ಕಾಲಿನ ಆಳದ ನಾಳಗಳಲ್ಲಿ ಕ್ಲಾಟ್ ಸಿಕ್ಕಿತು. ಬದುಕಿದ್ದಾಗ ಆ ಏಳು ಜನರಲ್ಲಿ ಒಬ್ಬರ ಮೇಲೂ ಅಂಥ ಅನುಮಾನ ಬಂದಿರಲಿಲ್ಲ. 4 ಜನರ ಸಾವಿಗೆ ನೇರ ಕಾರಣವೇ ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಂಡ ಕ್ಲಾಟ್.

ಐಸಿಯು ವೈದ್ಯರ ಮುಂದೆ ಆಗ ಒಂದು ಸರಳ ಪ್ರಶ್ನೆ ಇತ್ತು. ಸಣ್ಣ ಡೋಸ್ ಸಾಲುತ್ತಿಲ್ಲ. ಹಾಗಾದರೆ ದೊಡ್ಡ ಡೋಸ್ ಕೊಡಬೇಕೇ? ಈ ಪ್ರಶ್ನೆಗೆ ಉತ್ತರ ಸಿಗಲು ಸುಮಾರು ಒಂದು ವರ್ಷ ಹಿಡಿಯಿತು. ಸಿಕ್ಕಿದ ಉತ್ತರವೂ ಹೆಚ್ಚಿನವರು ಅಂದುಕೊಂಡಿದ್ದಂತೆ ಇರಲಿಲ್ಲ. ಆ ಒಂದು ವರ್ಷದ ಕತೆಯನ್ನೇ ಇಲ್ಲಿ ಪ್ರಕರಣವಾಗಿ ತೆಗೆದುಕೊಂಡಿದ್ದೇನೆ.

ವೈರಸ್‌ಗೂ ಹೆಪ್ಪಿಗೂ ಏನು ಸಂಬಂಧ

ನಮ್ಮ ಕಡೆಯ ಓದುಗರಿಗೆ ಇದು ತಲೆಕೆಳಗಾಗಿ ಕಾಣಬಹುದು. ವೈರಲ್ ಜ್ವರ ಜೋರಾದರೆ ನಮಗೆ ಮೊದಲು ನೆನಪಾಗುವುದು ರಕ್ತಸ್ರಾವ. ಡೆಂಗಿ ಬಂದರೆ ಮನೆಯವರೆಲ್ಲ ಪ್ಲೇಟ್‌ಲೆಟ್ ಎಷ್ಟಕ್ಕೆ ಇಳಿಯಿತು ಎಂದು ದಿನಾ ಕೇಳುತ್ತಾರೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆಯಲ್ಲೂ ಮೂಗು, ವಸಡು, ಹೊಟ್ಟೆಯಿಂದ ರಕ್ತ ಹೋಗುವುದೇ ದೊಡ್ಡ ಭಯ. ಕೋವಿಡ್‌ನಲ್ಲಿ ಆದದ್ದು ಇದಕ್ಕೆ ವಿರುದ್ಧ. ಬಹಳ ರೋಗಿಗಳ ಪ್ಲೇಟ್‌ಲೆಟ್ ಎಣಿಕೆ ಅಷ್ಟಾಗಿ ಇಳಿದಿರಲಿಲ್ಲ. ರಕ್ತ ಗಟ್ಟಿಯಾಗಲು ಸದಾ ತಯಾರಾಗಿತ್ತು. ಹಾಗಾಗಿ ಇಲ್ಲಿ ಕೋವಿಡ್ ಬಗ್ಗೆ ಓದಿದ್ದನ್ನು ಡೆಂಗಿ ರೋಗಿಗೆ ಹಚ್ಚಿ ನೋಡಬೇಡಿ. ಪ್ಲೇಟ್‌ಲೆಟ್ ಕುಸಿದ ಡೆಂಗಿ ರೋಗಿಗೆ ಹೆಪರಿನ್ ಅಪಾಯವನ್ನೇ ತರಬಹುದು.

ರಕ್ತ ನಾಳದೊಳಗೇ ಹೆಪ್ಪುಗಟ್ಟಲು ಮೂರು ಕಾರಣ ಎಂದು ವೈದ್ಯರು ಓದಿಕೊಂಡಿರುತ್ತಾರೆ. ನಾಳದ ಒಳಗೋಡೆಗೆ ಪೆಟ್ಟು, ರಕ್ತದ ಓಟ ನಿಧಾನವಾಗುವುದು, ರಕ್ತದ ಗುಣವೇ ಬದಲಾಗುವುದು. 19ನೇ ಶತಮಾನದ ಜರ್ಮನ್ ವೈದ್ಯ ರುಡಾಲ್ಫ್ ವಿರ್ಖೋವ್ ಹೆಸರಿನಲ್ಲಿ ಈ ಮೂರೂ ಪ್ರಸಿದ್ಧ. ಐಸಿಯುನಲ್ಲಿರುವ ಕೋವಿಡ್ ರೋಗಿಯಲ್ಲಿ ಮೂರೂ ಒಟ್ಟಿಗೆ ಸೇರುತ್ತವೆ.

ಆರೋಗ್ಯವಾಗಿರುವ ನಾಳದ ಒಳಪದರ ರಕ್ತವನ್ನು ಸದಾ ಹರಿಯುವಂತೆ ಇಡುತ್ತದೆ. ಉರಿಯೂತ ಜೋರಾದಾಗ ಅದೇ ಪದರ ಪಕ್ಷ ಬದಲಿಸುತ್ತದೆ. ಪ್ಲೇಟ್‌ಲೆಟ್‌ಗಳು ಅಂಟಿಕೊಳ್ಳಲು ನೆರವಾಗುವ ವಾನ್ ವಿಲ್ಲೆಬ್ರಾಂಡ್ ಎಂಬ ಪ್ರೋಟೀನನ್ನು ರಾಶಿ ರಾಶಿ ಬಿಡುಗಡೆ ಮಾಡುತ್ತದೆ. ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ವೈರಸ್ ವಿರುದ್ಧದ ಹೋರಾಟದಲ್ಲಿ ತಮ್ಮ ಡಿಎನ್‌ಎ ಎಳೆಗಳನ್ನೇ ಹೊರಗೆ ಎಸೆಯುತ್ತವೆ. ಆ ಎಳೆಗಳಿಗೆ ಪ್ಲೇಟ್‌ಲೆಟ್ ಸಿಕ್ಕಿಕೊಂಡು ಸಣ್ಣ ಸಣ್ಣ ಹೆಪ್ಪುಗಳಾಗುತ್ತವೆ. ಇತ್ತ ಲಿವರ್ ಫೈಬ್ರಿನೋಜೆನ್ ಉತ್ಪಾದನೆ ಏರಿಸುತ್ತದೆ. ಹೆಪ್ಪು ತಯಾರಾಗುವುದೇ ಈ ಪ್ರೋಟೀನ್‌ನಿಂದ. ಇದರ ಮೇಲೆ ಐಸಿಯುನ ಕೊಡುಗೆ ಬೇರೆ: ದಿನಗಟ್ಟಲೆ ಮಲಗಿರುವುದು, ನಿದ್ದೆ ಬರಿಸುವ ಔಷಧಿ, ಸ್ನಾಯುಗಳನ್ನು ಸಡಿಲಿಸುವ ಔಷಧಿ, ಕುತ್ತಿಗೆಯ ದೊಡ್ಡ ನಾಳಕ್ಕೆ ಹಾಕಿದ ಲೈನ್, ವೆಂಟಿಲೇಟರ್ ಒತ್ತಡದಿಂದ ಹೃದಯಕ್ಕೆ ನಿಧಾನವಾಗಿ ವಾಪಸಾಗುವ ರಕ್ತ.

ಇಲ್ಲಿ ಒಂದು ವ್ಯತ್ಯಾಸ ಗಮನಿಸಬೇಕು. ಮುಂದಿನ ಕತೆಗೆಲ್ಲ ಇದೇ ಆಧಾರ. ಸಾಮಾನ್ಯವಾಗಿ ಶ್ವಾಸಕೋಶದ ಕ್ಲಾಟ್ ಕಾಲಿನಲ್ಲಿ ಹುಟ್ಟುತ್ತದೆ. ಮೀನಖಂಡದ ಅಥವಾ ತೊಡೆಯ ಆಳದ ನಾಳದಿಂದ ಕಿತ್ತು ಬಂದು, ಹೃದಯ ದಾಟಿ, ಶ್ವಾಸಕೋಶದಲ್ಲಿ ಸಿಕ್ಕಿಕೊಳ್ಳುತ್ತದೆ. ಕೋವಿಡ್‌ನಲ್ಲಿ ಇದೂ ಆಗುತ್ತಿತ್ತು. ಆದರೆ ಎಷ್ಟೋ ರೋಗಿಗಳ ಕಾಲು ಸ್ಕ್ಯಾನ್ ಮಾಡಿದರೆ ಅಲ್ಲಿ ಏನೂ ಇರುತ್ತಿರಲಿಲ್ಲ. ಕ್ಲಾಟ್ ಶ್ವಾಸಕೋಶದಲ್ಲೇ, ಉರಿಯೂತ ಇದ್ದ ಜಾಗದಲ್ಲೇ ಹುಟ್ಟುತ್ತಿತ್ತು. 2020ರ ಮೇ ತಿಂಗಳಲ್ಲಿ ಪ್ರಕಟವಾದ ಒಂದು ಅಧ್ಯಯನ ಕೋವಿಡ್‌ನಿಂದ ಸತ್ತ 7 ಜನರ ಶ್ವಾಸಕೋಶವನ್ನು ಇನ್‌ಫ್ಲುಯೆನ್ಜಾದಿಂದ ಸತ್ತ 7 ಜನರ ಶ್ವಾಸಕೋಶದ ಜೊತೆ ಹೋಲಿಸಿತು. ಗಾಳಿಚೀಲಗಳ ಸುತ್ತಲ ಕೂದಲೆಳೆ ನಾಳಗಳಲ್ಲಿ ಸಣ್ಣ ಹೆಪ್ಪುಗಳು ಕೋವಿಡ್‌ನಲ್ಲಿ 9 ಪಟ್ಟು ಜಾಸ್ತಿ ಇದ್ದವು. ಹಾಗಂತ ಇನ್‌ಫ್ಲುಯೆನ್ಜಾ ಸಾಧು ಕಾಯಿಲೆಯಲ್ಲ. 2009ರ ಎಚ್‌1ಎನ್‌1 ಕಾಲದಲ್ಲೇ ವೆಂಟಿಲೇಟರ್ ಮೇಲಿದ್ದ ರೋಗಿಗಳಿಗೆ ಕ್ಲಾಟ್ ಆಗುವುದು ಜಾಸ್ತಿ ಎಂದು ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ವೈದ್ಯರು ಗಮನಿಸಿದ್ದರು. ಆ ಎಚ್ಚರಿಕೆ ಹೆಚ್ಚು ಜನರ ಕಿವಿಗೆ ಬೀಳಲಿಲ್ಲ.

ರೋಗಿ ಹೇಳಲಾರ, ವೈದ್ಯರಿಗೆ ಕಾಣದು

ನಡೆದಾಡುವ ಮನುಷ್ಯನಿಗೆ ಕ್ಲಾಟ್ ಆದರೆ ಗೊತ್ತಾಗುತ್ತದೆ. ಒಂದು ಕಾಲು ಊದುತ್ತದೆ, ಮೀನಖಂಡ ನೋಯುತ್ತದೆ. ಇದ್ದಕ್ಕಿದ್ದಂತೆ ಉಸಿರು ಕಟ್ಟುತ್ತದೆ, ಎದೆಯಲ್ಲಿ ಚುಚ್ಚಿದಂತಾಗುತ್ತದೆ. ವೆಂಟಿಲೇಟರ್ ಮೇಲೆ ನಿದ್ದೆಯಲ್ಲಿರುವ ರೋಗಿ ಇದ್ಯಾವುದನ್ನೂ ಹೇಳಲಾರ. ಆಕ್ಸಿಜನ್ ಇಳಿದರೆ ನ್ಯುಮೋನಿಯಾ ಜಾಸ್ತಿಯಾಯಿತೇನೋ ಅನಿಸುತ್ತದೆ. ನಾಡಿ ಏರಿದರೆ ಜ್ವರ ಅನಿಸುತ್ತದೆ. ಬಿಪಿ ಕುಸಿದರೆ ಇನ್ನೊಂದು ಸೋಂಕು ಅನಿಸುತ್ತದೆ. ಪ್ರತಿಯೊಂದಕ್ಕೂ ಬೇರೊಂದು ಒಪ್ಪುವ ಕಾರಣ ಇದ್ದೇ ಇರುತ್ತದೆ. ಹ್ಯಾಂಬರ್ಗ್‌ನ ಆ ಏಳು ಜನರ ಮೇಲೆ ಯಾರಿಗೂ ಅನುಮಾನ ಬರದಿದ್ದುದಕ್ಕೆ ವೈದ್ಯರ ಉದಾಸೀನ ಕಾರಣ ಎಂದು ನಾನು ಹೇಳುವುದಿಲ್ಲ. ಈ ಕಾಯಿಲೆ ಇನ್ನೊಂದು ಕಾಯಿಲೆಯ ಹಿಂದೆ ಪೂರ್ತಿ ಅಡಗಿಕೊಳ್ಳುತ್ತದೆ.

ಖಚಿತವಾಗಿ ತಿಳಿಯಲು ನಾಳಕ್ಕೆ ಡೈ ಹಾಕಿ ಸಿಟಿ ಸ್ಕ್ಯಾನ್ ಮಾಡಬೇಕು. ಬೋರಲು ಮಲಗಿಸಿದ, ಟ್ಯೂಬ್‌ಗಳಿಂದ ಸುತ್ತುವರಿದ ರೋಗಿಯನ್ನು ಸ್ಕ್ಯಾನ್ ಕೋಣೆಗೆ ಒಯ್ಯುವುದೇ ಒಂದು ಗಂಡಾಂತರ. ದಾರಿಯಲ್ಲಿ ಆಕ್ಸಿಜನ್ ಕುಸಿಯಬಹುದು. ಆ ಡೈ ಕಿಡ್ನಿಗೂ ಒಳ್ಳೆಯದಲ್ಲ. ಅದಕ್ಕೇ ಹಾಸಿಗೆ ಪಕ್ಕದಲ್ಲೇ ಎಕೋ, ಅಂದರೆ ಹೃದಯದ ಅಲ್ಟ್ರಾಸೌಂಡ್, ಮಾಡಿ ಹೃದಯದ ಬಲಭಾಗ ಹಿಗ್ಗಿದೆಯೇ ನೋಡುತ್ತಾರೆ. ನಾಳದಲ್ಲಿ ರಕ್ತದ ಓಟ ನೋಡಲು ಕಾಲಿಗೆ ಡಾಪ್ಲರ್ ಇಡುತ್ತಾರೆ. ಇವೆರಡೂ ಸುಳಿವು ಕೊಡುತ್ತವೆ, ಅಷ್ಟೇ. ಕೂದಲೆಳೆ ನಾಳಗಳೊಳಗಿನ ಹೆಪ್ಪು ಸಿಟಿ ಸ್ಕ್ಯಾನ್‌ಗೂ ಕಾಣುವುದಿಲ್ಲ.

ಡೋಸ್ ಏರಿಸುವ ಆಸೆ

ಅಪಾಯ ಕಣ್ಣಿಗೆ ಬೀಳದು, ಆದರೆ ಅಪಾಯ ಇದೆ ಎಂದು ಗೊತ್ತು. ಅಂಥ ಹೊತ್ತಿನಲ್ಲಿ ಎಲ್ಲರಿಗೂ ದೊಡ್ಡ ಡೋಸ್ ಕೊಟ್ಟುಬಿಡೋಣ ಅನಿಸುವುದು ಸಹಜ ಅಲ್ವಾ?

ಆ ವ್ಯತ್ಯಾಸ ಎಷ್ಟು ಎಂದು ಲೆಕ್ಕದಲ್ಲೇ ನೋಡೋಣ. ಎನಾಕ್ಸಪರಿನ್ ಎಂಬುದು ಹೆಪರಿನ್‌ನ ಒಂದು ರೂಪ. ಹಂದಿಯ ಕರುಳಿನ ಒಳಪದರದಿಂದ ತೆಗೆದ ಹೆಪರಿನ್‌ನಿಂದ ಇದನ್ನು ತಯಾರಿಸುತ್ತಾರೆ. ಕ್ಲಾಟ್ ಆಗದಂತೆ ತಡೆಯುವ ಮಾಮೂಲಿ ಡೋಸ್ ದಿನಕ್ಕೆ ಒಮ್ಮೆ 40 ಮಿಲಿಗ್ರಾಂ. ಈಗಾಗಲೇ ಆಗಿರುವ ಕ್ಲಾಟ್‌ಗೆ ಚಿಕಿತ್ಸೆಯಾಗಿ ಕೊಡುವ ಪೂರ್ಣ ಡೋಸ್ ಮೈತೂಕದ ಪ್ರತಿ ಕಿಲೋಗೆ 1 ಮಿಲಿಗ್ರಾಂ, ದಿನಕ್ಕೆ ಎರಡು ಸಲ. 70 ಕಿಲೋ ಮನುಷ್ಯನಿಗೆ ಅದು ದಿನಕ್ಕೆ 140 ಮಿಲಿಗ್ರಾಂ. ಮೂರೂವರೆ ಪಟ್ಟು. ಅಷ್ಟು ಕೊಟ್ಟಾಗ ಹೊಟ್ಟೆಯೊಳಗೆ, ಬೆನ್ನ ಹಿಂದಿನ ಸ್ನಾಯುವಿನಲ್ಲಿ, ಕೆಲವೊಮ್ಮೆ ಮಿದುಳಿನಲ್ಲಿ ರಕ್ತಸ್ರಾವ ಆಗಬಹುದು. ಕಿಡ್ನಿ ಕೆಲಸ ಮಾಡದವರಲ್ಲಿ ಎನಾಕ್ಸಪರಿನ್ ಮೈಯಲ್ಲೇ ಉಳಿದು ಶೇಖರವಾಗುತ್ತದೆ. ಅವರಿಗೆ ಹಳೆಯ ಮಾದರಿಯ ಹೆಪರಿನ್ ಡ್ರಿಪ್ ಹಾಕಬೇಕು. ಅದರಲ್ಲೂ ತೊಡಕಿತ್ತು. ಫೈಬ್ರಿನೋಜೆನ್ ಮತ್ತಿತರ ಪ್ರೋಟೀನ್‌ಗಳು ಏರಿದ್ದ ಕೋವಿಡ್ ರಕ್ತದಲ್ಲಿ ಹೆಪರಿನ್ ಎಷ್ಟು ಹಾಕಿದರೂ ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕೆಂದು ಅಳೆಯುವ ಎಪಿಟಿಟಿ ಎಂಬ ಪರೀಕ್ಷೆಯ ಅಂಕಿ ಏರುತ್ತಲೇ ಇರಲಿಲ್ಲ. ಅಂಕಿ ನೋಡಿ ಡೋಸ್ ಏರಿಸುತ್ತಾ ಹೋದರೆ ನಿಜವಾಗಿ ಎಷ್ಟು ಹೆಪರಿನ್ ಕೆಲಸ ಮಾಡುತ್ತಿದೆ ಎಂಬುದೇ ತಿಳಿಯದು. ಅನುಕೂಲ ಇದ್ದ ಆಸ್ಪತ್ರೆಗಳು ಹೆಪರಿನ್‌ನ ಕೆಲಸವನ್ನೇ ಅಳೆಯುವ ಆಂಟಿ-ಟೆನ್‌ಎ ಎಂಬ ಬೇರೆ ಪರೀಕ್ಷೆಗೆ ಹೋದವು.

2020ರ ಮೇ ತಿಂಗಳಲ್ಲಿ ನ್ಯೂಯಾರ್ಕ್‌ನ ಮೌಂಟ್ ಸೈನಾಯ್ ಆಸ್ಪತ್ರೆಗಳ ಒಂದು ವರದಿ ಬಂತು. 2,773 ಕೋವಿಡ್ ರೋಗಿಗಳ ದಾಖಲೆಗಳನ್ನು ಹಿಂತಿರುಗಿ ನೋಡಿದ್ದರು. ವೆಂಟಿಲೇಟರ್ ಹಾಕಿಸಿಕೊಂಡವರಲ್ಲಿ ಪೂರ್ಣ ಡೋಸ್ ಸಿಕ್ಕವರ ಸಾವು 29.1%. ಸಿಗದವರ ಸಾವು 62.7%. ಅರ್ಧಕ್ಕಿಂತ ಕಡಿಮೆ! ದಿನಾ ಸಾವು ನೋಡಿ ಬಸವಳಿದಿದ್ದ ವೈದ್ಯರಿಗೆ ಈ ಅಂಕಿ ಹೇಗೆ ಕಂಡಿರಬೇಕು ಯೋಚಿಸಿ. ಪ್ರಪಂಚದ ಎಷ್ಟೋ ಐಸಿಯುಗಳಲ್ಲಿ ಡೋಸ್ ಏರಿತು.

ಆ ಲೆಕ್ಕದಲ್ಲಿ ಒಂದು ಬಿರುಕು ಇತ್ತು. ಆಸ್ಪತ್ರೆಗೆ ಬಂದ ಮೊದಲ ಅಥವಾ ಎರಡನೇ ದಿನವೇ ತೀರಿಕೊಂಡವರಿಗೆ ಪೂರ್ಣ ಡೋಸ್ ಶುರು ಮಾಡುವಷ್ಟು ಸಮಯವೇ ಸಿಕ್ಕಿರುವುದಿಲ್ಲ. ಅವರೆಲ್ಲ ತಾವಾಗಿಯೇ ಔಷಧಿ ಸಿಗದವರ ಗುಂಪಿಗೆ ಸೇರುತ್ತಾರೆ. ಔಷಧಿ ಸಿಕ್ಕವರು ಅದು ಸಿಗುವವರೆಗಾದರೂ ಬದುಕಿದ್ದವರು. ಹಾಗಾಗಿ ಔಷಧಿಗೆ ಏನೂ ಶಕ್ತಿ ಇಲ್ಲದಿದ್ದರೂ ಆ ಗುಂಪು ಚೆನ್ನಾಗಿ ಕಾಣುತ್ತದೆ. ಇನ್ನೊಂದು, ರಕ್ತಸ್ರಾವದ ಭಯ ಇದ್ದವರಿಗೆ, ತೀರಾ ಹಣ್ಣಾದವರಿಗೆ ವೈದ್ಯರು ದೊಡ್ಡ ಡೋಸ್ ಕೊಡಲು ಹಿಂಜರಿಯುತ್ತಾರೆ. ಅವರೂ ಸಿಗದವರ ಗುಂಪಿಗೇ ಸೇರುತ್ತಾರೆ. ದಾಖಲೆ ತಿರುವಿ ಹಾಕಿ ಮಾಡುವ ಅಧ್ಯಯನಗಳಲ್ಲಿ ಈ ಬಲೆ ಯಾವಾಗಲೂ ಇರುತ್ತದೆ. ಇದಕ್ಕೂ ಮೊದಲು ಚೀನಾದ ವುಹಾನ್‌ನಿಂದ ಬಂದಿದ್ದ ಹೆಪರಿನ್ ವರದಿಯನ್ನೂ ಇದೇ ಎಚ್ಚರದಲ್ಲಿ ಓದಬೇಕು. ಅಲ್ಲಿ 449 ತೀವ್ರ ರೋಗಿಗಳನ್ನು ಒಟ್ಟಾಗಿ ನೋಡಿದಾಗ ಹೆಪರಿನ್ ಸಿಕ್ಕವರಿಗೂ ಸಿಗದವರಿಗೂ ಸಾವಿನ ಪ್ರಮಾಣದಲ್ಲಿ ವ್ಯತ್ಯಾಸ ಇರಲಿಲ್ಲ. ಹೆಪ್ಪುಗಟ್ಟುವ ಲಕ್ಷಣ ತುಂಬ ಜಾಸ್ತಿ ಇದ್ದವರಲ್ಲಿ ಮಾತ್ರ ಸಾವು ಕಡಿಮೆ ಕಂಡಿತು. ಕೊಟ್ಟದ್ದೂ ಹೆಚ್ಚಾಗಿ ಸಣ್ಣ ಡೋಸನ್ನೇ.

ಚೀಟಿ ಎತ್ತಿ ನೋಡಿದಾಗ

ಯಾರಿಗೆ ಯಾವ ಡೋಸ್ ಎಂದು ಚೀಟಿ ಎತ್ತಿದ ಹಾಗೆ ತೀರ್ಮಾನಿಸಿ, ಎರಡೂ ಗುಂಪನ್ನು ಹೋಲಿಸಿದರೆ ಮಾತ್ರ ಈ ಬಲೆಯಿಂದ ತಪ್ಪಿಸಿಕೊಳ್ಳಬಹುದು. ಹಾಸಿಗೆ ಸಿಗದೆ ಜನ ಸಾಯುತ್ತಿದ್ದ ದಿನಗಳಲ್ಲಿ ಇದನ್ನು ಮಾಡಲು ಎದೆಗಾರಿಕೆ ಬೇಕು. ಮೂರು ತಂಡಗಳು ಮಾಡಿದವು. ಕೆನಡಾದಲ್ಲಿ ಶುರುವಾದ ಅಟ್ಯಾಕ್, ಅಮೆರಿಕದ ಆಕ್ಟಿವ್-4ಎ, ಮತ್ತು ಹಲವು ದೇಶಗಳ ಐಸಿಯುಗಳನ್ನು ಮೊದಲೇ ಜೋಡಿಸಿಕೊಂಡಿದ್ದ ರಿಮ್ಯಾಪ್-ಕ್ಯಾಪ್. ಮೂವರೂ ಒಂದೇ ಪ್ರಶ್ನೆ ಕೇಳುತ್ತಿದ್ದಾರೆ ಎಂದು ಗೊತ್ತಾದ ಮೇಲೆ ನಿಯಮಗಳನ್ನು ಹೊಂದಿಸಿಕೊಂಡು ಲೆಕ್ಕವನ್ನು ಒಟ್ಟು ಮಾಡಿದರು. ಹೆಸರು ಯಾರಿಗೆ ಹೋಗುತ್ತದೆ ಎಂದು ನೋಡದೆ ಹೀಗೆ ಕೈಜೋಡಿಸಿದ್ದನ್ನು ನಾನು ಮನಸಾರೆ ಮೆಚ್ಚುತ್ತೇನೆ. ಬೇರೆ ಬೇರೆಯಾಗಿ ನಡೆದಿದ್ದರೆ ಉತ್ತರಕ್ಕೆ ಇನ್ನೂ ಎಷ್ಟೋ ತಿಂಗಳು ಕಾಯಬೇಕಿತ್ತು.

ರೋಗಿಗಳನ್ನು ಎರಡು ಗುಂಪಾಗಿ ಬೇರೆ ಮಾಡಿದ್ದರು. ಮೊದಲ ಗುಂಪು ತೀರಾ ಗಂಭೀರ ರೋಗಿಗಳದ್ದು. ಹೈ-ಫ್ಲೋ ಆಕ್ಸಿಜನ್, ಮಾಸ್ಕ್ ಅಥವಾ ಟ್ಯೂಬ್ ಮೂಲಕ ವೆಂಟಿಲೇಟರ್, ಇಲ್ಲವೇ ಬಿಪಿ ಎತ್ತಿ ಹಿಡಿಯುವ ಔಷಧಿ ಬೇಕಾದವರು. ಎರಡನೇ ಗುಂಪು ಆಸ್ಪತ್ರೆಯಲ್ಲಿದ್ದರೂ ಇವ್ಯಾವುದೂ ಇನ್ನೂ ಬೇಕಾಗದವರದ್ದು.

2020ರ ಡಿಸೆಂಬರ್‌ನಲ್ಲಿ ಮೊದಲ ಗುಂಪಿಗೆ ಹೊಸ ರೋಗಿಗಳನ್ನು ಸೇರಿಸುವುದನ್ನು ನಿಲ್ಲಿಸಿದರು. ಪೂರ್ಣ ಡೋಸ್‌ನಿಂದ ಪ್ರಯೋಜನ ಇಲ್ಲ ಎಂಬುದು ಹೆಚ್ಚುಕಡಿಮೆ ಖಚಿತವಾಗಿತ್ತು. 2021ರ ಆಗಸ್ಟ್‌ನಲ್ಲಿ ಪೂರ್ತಿ ಅಂಕಿಗಳು ಪ್ರಕಟವಾದವು. ಸುಮಾರು 1,100 ಗಂಭೀರ ರೋಗಿಗಳಲ್ಲಿ ಪೂರ್ಣ ಡೋಸ್ ಸಿಕ್ಕವರು 62.7% ಬದುಕಿ ಮನೆಗೆ ಹೋದರು. ಮಾಮೂಲಿ ಆರೈಕೆ ಸಿಕ್ಕವರು 64.5%. ದೊಡ್ಡ ರಕ್ತಸ್ರಾವ ಪೂರ್ಣ ಡೋಸ್ ಗುಂಪಿನಲ್ಲಿ 3.8%, ಇನ್ನೊಂದರಲ್ಲಿ 2.3%. ದೊಡ್ಡ ಕ್ಲಾಟ್‌ಗಳು ಪೂರ್ಣ ಡೋಸ್ ಗುಂಪಿನಲ್ಲಿ ಕಡಿಮೆಯೇ ಇದ್ದವು. ಆದರೆ ಅದು ಜೀವ ಉಳಿಸಲಿಲ್ಲ. ಮೌಂಟ್ ಸೈನಾಯ್ ವರದಿಯಲ್ಲಿ ಕಂಡ ಅಷ್ಟು ದೊಡ್ಡ ಲಾಭ ಎಲ್ಲಿಯೂ ಇರಲಿಲ್ಲ.

ಎರಡನೇ ಗುಂಪಿನ ಕತೆಯೇ ಬೇರೆ. 2,219 ರೋಗಿಗಳು. ಅದೇ ಔಷಧಿ, ಅದೇ ಪೂರ್ಣ ಡೋಸ್. ಐಸಿಯು ಮಟ್ಟದ ಆಸರೆ ಬೇಕಾಗದೆ ಮನೆಗೆ ಹೋದವರು 80.2%. ಮಾಮೂಲಿ ಡೋಸ್‌ನಲ್ಲಿ 76.4%. ದೊಡ್ಡ ರಕ್ತಸ್ರಾವ 1.9% ಮತ್ತು 0.9%. ಸಾವಿರ ಜನರಿಗೆ ಕೊಟ್ಟರೆ ಸುಮಾರು 40 ಜನ ಹೆಚ್ಚಾಗಿ ಐಸಿಯುನಿಂದ ತಪ್ಪಿಸಿಕೊಳ್ಳುತ್ತಾರೆ, ಸುಮಾರು 7 ಜನರಿಗೆ ಹೆಚ್ಚಾಗಿ ದೊಡ್ಡ ರಕ್ತಸ್ರಾವ ಆಗುತ್ತದೆ ಎಂಬುದು ಸಂಶೋಧಕರ ಅಂದಾಜು.

ಇದರ ಮಿತಿಗಳನ್ನೂ ಹೇಳಬೇಕು. ಯಾರಿಗೆ ಯಾವ ಡೋಸ್ ಎಂಬುದು ವೈದ್ಯರಿಗೆ ಗೊತ್ತಿತ್ತು. ಮಾಮೂಲಿ ಆರೈಕೆಯ ಗುಂಪಿನ ಗಂಭೀರ ರೋಗಿಗಳಲ್ಲಿ ಬಹಳ ಜನರಿಗೆ ಸಣ್ಣದಕ್ಕಿಂತ ತುಸು ದೊಡ್ಡ, ಮಧ್ಯಮ ಡೋಸ್ ಸಿಕ್ಕಿತ್ತು. ಅಂದರೆ ಹೋಲಿಕೆ ಪೂರ್ತಿ ಚೊಕ್ಕವಲ್ಲ. ಆ ಮಧ್ಯಮ ಡೋಸ್‌ನ ಪ್ರಶ್ನೆಗೆ ಇರಾನ್‌ನ 10 ಕೇಂದ್ರಗಳ ಐಸಿಯುಗಳು ಉತ್ತರ ಹುಡುಕಿದವು. ಇನ್‌ಸ್ಪಿರೇಷನ್ ಎಂಬ ಆ ಟ್ರಯಲ್‌ನಲ್ಲಿ 562 ರೋಗಿಗಳ ಲೆಕ್ಕ ಸಿಕ್ಕಿತು. ಕ್ಲಾಟ್, ಮೈ ಹೊರಗೆ ರಕ್ತಕ್ಕೆ ಆಕ್ಸಿಜನ್ ತುಂಬುವ ಎಕ್ಮೋ ಯಂತ್ರದ ಅಗತ್ಯ, ಸಾವು ಎಲ್ಲ ಸೇರಿಸಿದರೆ ಮಧ್ಯಮ ಡೋಸ್‌ನಲ್ಲಿ 45.7%, ಸಣ್ಣ ಡೋಸ್‌ನಲ್ಲಿ 44.1%. ವ್ಯತ್ಯಾಸ ಇಲ್ಲ ಎಂದೇ ಅರ್ಥ. ಆಸ್ಪಿರಿನ್ ಸೇರಿಸಿದರೆ ಹೇಗೆ ಎಂದು ಬ್ರಿಟನ್‌ನ ರಿಕವರಿ ಟ್ರಯಲ್ ಸುಮಾರು 15,000 ರೋಗಿಗಳಲ್ಲಿ ನೋಡಿತು. 28 ದಿನದೊಳಗಿನ ಸಾವು ಎರಡೂ ಗುಂಪಿನಲ್ಲಿ 17%.

ಒಂದೇ ಔಷಧಿ, ಎರಡು ಫಲ

ಒಂದೇ ವೈರಸ್, ಒಂದೇ ಔಷಧಿ. ವಾರ್ಡಿನಲ್ಲಿ ಕೆಲಸ ಮಾಡಿದ್ದು ಐಸಿಯುನಲ್ಲಿ ಯಾಕೆ ಮಾಡಲಿಲ್ಲ? ಹೆಪರಿನ್ ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂದು ನೋಡಿದರೆ ಒಂದು ದಾರಿ ಕಾಣುತ್ತದೆ. ಹೆಪರಿನ್ ಹೊಸ ಹೆಪ್ಪು ಆಗದಂತೆ, ಇರುವುದು ಬೆಳೆಯದಂತೆ ತಡೆಯುತ್ತದೆ. ಆಗಿಹೋದ ಹೆಪ್ಪನ್ನು ಕರಗಿಸುವುದಿಲ್ಲ. ಕರಗಿಸುವ ಕೆಲಸ ದೇಹದ್ದೇ. ವೆಂಟಿಲೇಟರ್ ಹಂತಕ್ಕೆ ಬರುವ ಹೊತ್ತಿಗೆ ಕೂದಲೆಳೆ ನಾಳಗಳು ಆಗಲೇ ಕಟ್ಟಿಕೊಂಡಿರುತ್ತವೆ. ಗಾಳಿಚೀಲಗಳ ಗೋಡೆ ಆಗಲೇ ಹಾಳಾಗಿರುತ್ತದೆ. ಅಲ್ಲಿ ದೊಡ್ಡ ಡೋಸ್ ಹಾಕಿದರೆ ಹಾಳಾದ ಗೋಡೆಯಿಂದ ರಕ್ತ ಸೋರುವ ಸಾಧ್ಯತೆಯೂ ಇದೆ. ವಾರ್ಡಿನ ರೋಗಿಯಲ್ಲಿ ತಡೆಯಲು ಇನ್ನೂ ಏನಾದರೂ ಉಳಿದಿರುತ್ತದೆ. ಇದು ವೈದ್ಯರು ಮುಂದಿಡುವ ವಿವರಣೆ, ಸಾಬೀತಾದ ಸತ್ಯವಲ್ಲ. ಆದರೂ ಇರುವ ಅಂಕಿಗಳಿಗೆಲ್ಲ ಇದಕ್ಕಿಂತ ಚೆನ್ನಾಗಿ ಹೊಂದುವ ವಿವರಣೆ ನನಗೆ ಕಂಡಿಲ್ಲ.

ಐಸಿಯು ಪದ್ಧತಿ ಇದರಿಂದ ಸ್ಪಷ್ಟವಾಯಿತು. ಗಂಭೀರ ಕೋವಿಡ್ ರೋಗಿಗೆ ಮಾಮೂಲಿ ಸಣ್ಣ ಡೋಸ್ ತಪ್ಪದೆ ಕೊಡಬೇಕು. ಒಂದು ದಿನವೂ ಬಿಟ್ಟುಹೋಗಬಾರದು. ಹೆಪರಿನ್ ಕೊಡಲಾಗದಷ್ಟು ರಕ್ತಸ್ರಾವ ಇದ್ದರೆ ಕಾಲಿಗೆ ಗಾಳಿ ತುಂಬಿ ಒತ್ತುವ ಪಟ್ಟಿ ಕಟ್ಟಬೇಕು. ಕ್ಲಾಟ್ ಇದೆ ಎಂದು ಗೊತ್ತಾದರೆ, ಅಥವಾ ಬಲವಾದ ಅನುಮಾನ ಇದ್ದರೆ, ಪೂರ್ಣ ಡೋಸ್ ಬೇಕೇ ಬೇಕು. ಈ ಕೊನೆಯ ಮಾತು ಎಷ್ಟೋ ಸಲ ಕಳೆದುಹೋಗುತ್ತದೆ. ಆ ಮೂರು ತಂಡಗಳ ಟ್ರಯಲ್ ಕೇಳಿದ್ದು ಕ್ಲಾಟ್ ಕಾಣದವರಿಗೂ ಮುಂಚಿತವಾಗಿ ಪೂರ್ಣ ಡೋಸ್ ಕೊಡಬೇಕೇ ಎಂದು. ಕ್ಲಾಟ್ ಸಿಕ್ಕವರಿಗೆ ಚಿಕಿತ್ಸೆ ಬೇಡ ಎಂದು ಅದು ಹೇಳಲಿಲ್ಲ.

ಡಿ-ಡೈಮರ್ ಎಂಬ ಅಂಕಿ

2021ರ ಏಪ್ರಿಲ್ ಮತ್ತು ಮೇ ತಿಂಗಳ ಎರಡನೇ ಅಲೆ ನಮ್ಮ ರಾಜ್ಯದಲ್ಲಿ ಯಾರೂ ಮರೆಯುವಂಥದ್ದಲ್ಲ. ಆಗ ಮನೆಮನೆಯಲ್ಲಿ ಕೇಳಿಬರುತ್ತಿದ್ದ ಹೊಸ ಪದ ಡಿ-ಡೈಮರ್. ರಿಪೋರ್ಟ್ ವಾಟ್ಸಾಪ್‌ನಲ್ಲಿ ಓಡಾಡುತ್ತಿತ್ತು. ಅಂಕಿ ಜಾಸ್ತಿ ಇದೆ ಎಂದು ಮನೆಯಲ್ಲೇ ಇದ್ದವರೂ ರಕ್ತ ತೆಳು ಮಾಡುವ ಮಾತ್ರೆ ನುಂಗುತ್ತಿದ್ದರು. ಹೆದರಿದ್ದ ಜನ, ಆಸ್ಪತ್ರೆಯಲ್ಲಿ ಜಾಗ ಇಲ್ಲ, ಬೇರೇನು ಮಾಡಿಯಾರು? ಅವರನ್ನು ದೂರುವುದಕ್ಕೆ ನನಗೆ ಮನಸ್ಸಿಲ್ಲ. ಆದರೆ ಆ ಅಂಕಿ ಏನು ಹೇಳುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕು.

ಹೆಪ್ಪಿನಲ್ಲಿರುವ ಫೈಬ್ರಿನ್ ಎಳೆಗಳನ್ನು ದೇಹ ತುಂಡರಿಸಿದಾಗ ಉಳಿಯುವ ಚೂರೇ ಡಿ-ಡೈಮರ್. ಬೂದಿ ಕಂಡರೆ ಎಲ್ಲೋ ಬೆಂಕಿ ಉರಿದಿದೆ ಎಂದು ಗೊತ್ತಾಗುತ್ತದೆ, ಯಾವ ಒಲೆ ಎಂದು ಗೊತ್ತಾಗುವುದಿಲ್ಲ. ಸೋಂಕು, ಆಪರೇಷನ್, ಬಸಿರು, ಕ್ಯಾನ್ಸರ್, ವಯಸ್ಸು, ಇವೆಲ್ಲದರಲ್ಲೂ ಡಿ-ಡೈಮರ್ ಏರುತ್ತದೆ. ಕೋವಿಡ್‌ನಲ್ಲಿ ಅದು ಜಾಸ್ತಿ ಇದ್ದರೆ ಕಾಯಿಲೆ ಜೋರಾಗಿದೆ, ಈ ರೋಗಿಯ ಮೇಲೆ ಕಣ್ಣಿಡಬೇಕು ಎಂದು ಅರ್ಥ. ಆ ಅಂಕಿ ಒಂದನ್ನೇ ನೋಡಿ ಪೂರ್ಣ ಡೋಸ್ ಶುರು ಮಾಡುವುದು ಸರಿಯಲ್ಲ. ಬ್ರೆಜಿಲ್‌ನ ಆಕ್ಷನ್ ಟ್ರಯಲ್ ಇದನ್ನು ಹತ್ತಿರದಿಂದ ನೋಡಿತು. ಡಿ-ಡೈಮರ್ ಏರಿದ್ದ 615 ಆಸ್ಪತ್ರೆ ರೋಗಿಗಳಲ್ಲಿ ಒಂದು ಗುಂಪಿಗೆ ಪೂರ್ಣ ಡೋಸ್ ಕೊಟ್ಟರು, ಹೆಚ್ಚಿನವರಿಗೆ ರಕ್ತ ತೆಳು ಮಾಡುವ ರಿವರಾಕ್ಸಬಾನ್ ಮಾತ್ರೆ ರೂಪದಲ್ಲಿ. ಲಾಭ ಸಿಗಲಿಲ್ಲ. ರಕ್ತಸ್ರಾವ ಮಾತ್ರ ಜಾಸ್ತಿಯಾಯಿತು, 2% ಇದ್ದದ್ದು 8%. ವಾರ್ಡಿನಲ್ಲಿ ಹೆಪರಿನ್ ಇಂಜೆಕ್ಷನ್ ಕೊಟ್ಟ ಫಲ ಮಾತ್ರೆಗೆ ಬರಲಿಲ್ಲ. ಆಸ್ಪತ್ರೆಯನ್ನೇ ಸೇರದ ರೋಗಿಗಳಿಗೆ ಆಸ್ಪಿರಿನ್ ಮತ್ತು ರಿವರಾಕ್ಸಬಾನ್‌ನಂಥದೇ ಮಾತ್ರೆಯಾದ ಅಪಿಕ್ಸಬಾನ್ ಕೊಟ್ಟು ನೋಡಿದ ಅಮೆರಿಕದ ಟ್ರಯಲ್ ಅರ್ಧಕ್ಕೇ ನಿಂತಿತು. ಅಂಥವರಲ್ಲಿ ಕ್ಲಾಟ್ ಆಗುವುದೇ ತೀರಾ ಅಪರೂಪ ಎಂದು ಕಂಡುಬಂದಿತ್ತು.

ರಿಪೋರ್ಟ್ ಕೈಯಲ್ಲಿ ಹಿಡಿದವರು ಇನ್ನೊಂದನ್ನೂ ನೋಡಬೇಕು. ಡಿ-ಡೈಮರ್‌ಗೆ ಎರಡು ಬಗೆಯ ಅಳತೆ ಇದೆ, ಎಫ್‌ಇಯು ಮತ್ತು ಡಿಡಿಯು. ಒಂದೇ ರಕ್ತಕ್ಕೆ ಎಫ್‌ಇಯು ಅಂಕಿ ಡಿಡಿಯು ಅಂಕಿಯ ಸುಮಾರು ಎರಡು ಪಟ್ಟು ಬರುತ್ತದೆ. ಒಂದು ಲ್ಯಾಬ್ ನ್ಯಾನೋಗ್ರಾಂನಲ್ಲಿ ಬರೆಯುತ್ತದೆ, ಇನ್ನೊಂದು ಮೈಕ್ರೋಗ್ರಾಂನಲ್ಲಿ. 500 ಮತ್ತು 0.5 ಒಂದೇ ಆಗಿರಬಹುದು. ಸೋಮವಾರದ ಲ್ಯಾಬ್‌ನ ಅಂಕಿಯನ್ನು ಗುರುವಾರದ ಬೇರೆ ಲ್ಯಾಬ್‌ನ ಅಂಕಿ ಜೊತೆ ಸುಮ್ನೆ ಹೋಲಿಸಿದರೆ ಏರದೆಯೂ ಏರಿದಂತೆ ಕಾಣಬಹುದು. ಪಕ್ಕದಲ್ಲಿ ಬರೆದಿರುವ ಅಳತೆ ಮತ್ತು ಆ ಲ್ಯಾಬ್‌ನ ಮಾಮೂಲಿ ಮಿತಿ ನೋಡದೆ ಅಂಕಿಗೆ ಬೆಲೆಯಿಲ್ಲ.

ಮನೆಗೆ ಹೋದ ಮೇಲೆ

ಐಸಿಯುನಿಂದ ಪಾರಾಗಿ ಮನೆಗೆ ಬಂದವರ ಅಪಾಯ ಅಲ್ಲಿಗೇ ಮುಗಿಯುವುದಿಲ್ಲ. ಕೆಲವು ವಾರ ಇರುತ್ತದೆ. ಇವರಿಗೆ ಮಾತ್ರೆ ಮುಂದುವರಿಸಬೇಕೇ ಎಂಬುದಕ್ಕೆ ಬ್ರೆಜಿಲ್‌ನಲ್ಲೇ ನಡೆದ ಮಿಶೆಲ್ ಟ್ರಯಲ್ ಒಂದು ಉತ್ತರ ಕೊಟ್ಟಿತು. ಕ್ಲಾಟ್ ಅಪಾಯ ಹೆಚ್ಚಿದ್ದ 320 ಜನರಲ್ಲಿ ಅರ್ಧದಷ್ಟು ಜನರಿಗೆ ದಿನಕ್ಕೆ 10 ಮಿಲಿಗ್ರಾಂ ರಿವರಾಕ್ಸಬಾನ್, 35 ದಿನ. ಕ್ಲಾಟ್ ಅಥವಾ ಅದಕ್ಕೆ ಸಂಬಂಧಿಸಿದ ಸಾವು ಮಾತ್ರೆ ತೆಗೆದುಕೊಂಡವರಲ್ಲಿ 3%, ತೆಗೆದುಕೊಳ್ಳದವರಲ್ಲಿ 9%. ದೊಡ್ಡ ರಕ್ತಸ್ರಾವ ಯಾರಿಗೂ ಆಗಲಿಲ್ಲ. ಆದರೆ ಅಲ್ಲಿ ಲಕ್ಷಣ ಇರಲಿ ಬಿಡಲಿ ಎಲ್ಲರಿಗೂ 35ನೇ ದಿನ ಸ್ಕ್ಯಾನ್ ಮಾಡಿದ್ದರು. ಹಾಗೆ ಹುಡುಕಿದರೆ ತಾನಾಗಿ ಕರಗಿಹೋಗುತ್ತಿದ್ದ ಕ್ಲಾಟ್‌ಗಳೂ ಸಿಗುತ್ತವೆ. ಆಮೇಲೆ ಅಮೆರಿಕದಲ್ಲಿ ಸುಮಾರು 1,200 ಜನರಿಗೆ ಡಿಸ್ಚಾರ್ಜ್ ಆದ ಮೇಲೆ 30 ದಿನ ಸಣ್ಣ ಡೋಸ್ ಅಪಿಕ್ಸಬಾನ್ ಕೊಟ್ಟು ನೋಡಿದಾಗ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ಎರಡನ್ನೂ ಇಟ್ಟುಕೊಂಡು ನೋಡಿದರೆ, ಎಲ್ಲರಿಗೂ ಮಾತ್ರೆ ಬರೆಯಲು ಆಧಾರ ಇಲ್ಲ. ಹಿಂದೆ ಕ್ಲಾಟ್ ಆಗಿದ್ದವರು, ಕ್ಯಾನ್ಸರ್ ಇರುವವರು, ಐಸಿಯುನಲ್ಲಿ ಬಹಳ ದಿನ ಇದ್ದು ಇನ್ನೂ ಎದ್ದು ಓಡಾಡಲಾಗದವರು, ಇಂಥವರ ಬಗ್ಗೆ ವೈದ್ಯರು ಒಬ್ಬೊಬ್ಬರನ್ನೇ ನೋಡಿ ತೀರ್ಮಾನಿಸುತ್ತಾರೆ. ಕೊಟ್ಟರೂ ಅದು ಸುಮಾರು ಒಂದು ತಿಂಗಳ ಮಾತು. ಐಸಿಯುನಲ್ಲಿ ಕ್ಲಾಟ್ ನಿಜವಾಗಿ ಸಿಕ್ಕವರಿಗೆ ಮಾತ್ರ ಕನಿಷ್ಠ 3 ತಿಂಗಳ ಪೂರ್ಣ ಚಿಕಿತ್ಸೆ ಬೇಕು. ಡಿಸ್ಚಾರ್ಜ್ ಚೀಟಿಯಲ್ಲಿ ಇವೆರಡರಲ್ಲಿ ಯಾವುದಕ್ಕೆ ಮಾತ್ರೆ ಬರೆದಿದ್ದಾರೆ, ಯಾವ ದಿನಾಂಕಕ್ಕೆ ನಿಲ್ಲಿಸಬೇಕು ಎಂಬುದು ಇಲ್ಲದಿದ್ದರೆ ಮನೆಗೆ ಹೊರಡುವ ಮೊದಲೇ ಕೇಳಿ ಬರೆಸಿಕೊಳ್ಳಿ.